ತೆರಿಗೆ ಮರುಪಾವತಿಯ ಹೆಸರಿನಲ್ಲಿ ಬರುವ ಇಮೇಲ್ ಬಗ್ಗೆ ಎಚ್ಚರ

ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ ಮರುಪಾವತಿಗಾಗಿ ಕಾಯುತ್ತಿರುವವರು, ಅದರಲ್ಲೂ ಪಿಂಚಣಿದಾರರು, ಇದನ್ನು ದಯವಿಟ್ಟು ಓದಬೇಕು. ನಿವೃತ್ತ ಶಿಕ್ಷಕರಾದ ನಮ್ಮ ಚಿಕ್ಕಪ್ಪನವರಿಗೆ ಕಳೆದ ವರ್ಷ ‘ನಿಮ್ಮ ಮರುಪಾವತಿ ಮಂಜೂರಾಗಿದೆ, 24 ಗಂಟೆಯೊಳಗೆ ಖಾತೆಯನ್ನು ದೃಢೀಕರಿಸಿ’ ಎಂಬ ಇಮೇಲ್ ಬಂತು. ನಿಜಕ್ಕೂ ಅವರಿಗೆ ಹಣ ಬರಬೇಕಿದ್ದುದರಿಂದ ಅನುಮಾನ ಹುಟ್ಟಲಿಲ್ಲ. ವಂಚಕರಿಗೆ ಅವರ ಲೆಕ್ಕ ತಿಳಿದಿರಬೇಕೆಂದೇನೂ ಇಲ್ಲ. ರಿಟರ್ನ್ ಸಲ್ಲಿಕೆಯ ಗಡುವು ಮುಗಿಯುವ ಹೊತ್ತಿಗೆ ಇಂಥ ಪತ್ರವನ್ನು ಸಾವಿರಾರು ಜನರಿಗೆ ಕಳಿಸಿದರೆ, ಕಾದು ಕುಳಿತ ಕೆಲವರಿಗಾದರೂ ಅದು ತಲುಪಿಯೇ ತಲುಪುತ್ತದೆ.

ಲಿಂಕ್ ಒತ್ತಿದಾಗ ತೆರೆದುಕೊಂಡ ಪುಟದಲ್ಲಿ ಲಾಂಛನವೂ ಬಣ್ಣವೂ ಇಲಾಖೆಯ ಜಾಲತಾಣದಂತೆಯೇ ಇದ್ದವು. ಡೆಬಿಟ್ ಕಾರ್ಡಿನ ಸಂಖ್ಯೆ, ಸಿವಿವಿ (ಕಾರ್ಡಿನ ಮೇಲಿರುವ ಮೂರಂಕಿಯ ಗುಟ್ಟಿನ ಸಂಖ್ಯೆ), ಕೊನೆಗೆ ಒಟಿಪಿಯನ್ನು ತುಂಬಿಸಿಕೊಂಡ ಮರುಕ್ಷಣವೇ ಖಾತೆಯಿಂದ ನಲವತ್ತು ಸಾವಿರ ರೂಪಾಯಿ ಹೋಯಿತು.

ಆ ಪುಟದ ವಿಳಾಸ ಇಲಾಖೆಯ ನಿಜವಾದ ವಿಳಾಸದಂತೆ ‘ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್’ ಎಂದೇ ಆರಂಭವಾಗುತ್ತಿತ್ತು, ಆದರೆ ಅಲ್ಲಿಗೆ ಮುಗಿಯುತ್ತಿರಲಿಲ್ಲ; ಇನ್ನೊಂದು ಚುಕ್ಕೆಯ ನಂತರ ಬೇರೆಯದೇ ಹೆಸರಿತ್ತು. ವಿಳಾಸದಲ್ಲಿ ‘ಎಚ್‌ಟಿಟಿಪಿಎಸ್’ ನಂತರದ ಎರಡು ಓರೆಗೆರೆಗಳನ್ನು (//) ಬಿಟ್ಟು, ಮುಂದೆ ಬರುವ ಮೊದಲ ಓರೆಗೆರೆಯ ಎಡಕ್ಕೆ ಅಂಟಿಕೊಂಡು ಏನಿದೆಯೋ ಅದೇ ಜಾಲತಾಣದ ನಿಜವಾದ ಒಡೆತನವನ್ನು ಹೇಳುತ್ತದೆ, ಆದ್ದರಿಂದ ಅದನ್ನು ಬಲದಿಂದ ಎಡಕ್ಕೆ ಓದಬೇಕು. ಮೊಬೈಲಿನ ಚಿಕ್ಕ ಪರದೆಯಲ್ಲಿ ಪೂರ್ತಿ ವಿಳಾಸ ಕಾಣುವುದೇ ಅಪರೂಪ. ಬೀಗದ ಚಿಹ್ನೆ ಇದ್ದರೆ ಸಾಕೆಂಬ ನಂಬಿಕೆಯೂ ಸರಿಯಲ್ಲ: ಮಾಹಿತಿ ದಾರಿಯಲ್ಲಿ ಸೋರುವುದಿಲ್ಲ ಎಂದಷ್ಟೇ ಅದರ ಅರ್ಥ, ಆ ತುದಿಯಲ್ಲಿರುವವನು ಸಜ್ಜನ ಎಂದಲ್ಲ.

ಮರುಪಾವತಿ ಜಮೆಯಾಗುವುದು ತೆರಿಗೆದಾರರು ರಿಟರ್ನ್ ಸಲ್ಲಿಸುವ ಇಲಾಖೆಯ ಜಾಲತಾಣವಾದ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಿಸಿಟ್ಟ ಬ್ಯಾಂಕ್ ಖಾತೆಗೆ. ಅದಕ್ಕೆ ಕಾರ್ಡ್ ಸಂಖ್ಯೆಯಾಗಲಿ ಪಿನ್ ಆಗಲಿ ಬೇಕಿಲ್ಲ, ಇಲಾಖೆ ಅವನ್ನು ಇಮೇಲ್‌ನಲ್ಲಿ ಕೇಳುವುದೂ ಇಲ್ಲ. ಸಂದೇಹ ಬಂದರೆ ಇಮೇಲ್‌ನ ಲಿಂಕ್ ಮುಟ್ಟದೆ, ಪೋರ್ಟಲ್ ವಿಳಾಸವನ್ನು ತಾವೇ ಟೈಪ್ ಮಾಡಿ ಲಾಗಿನ್ ಆಗಿ ಮರುಪಾವತಿಯ ಸ್ಥಿತಿಯನ್ನು ನೋಡಬಹುದು.

ಚಿಕ್ಕಪ್ಪನವರ ಮಗಳು ಕೂಡಲೇ ಕಾರ್ಡ್ ಬ್ಲಾಕ್ ಮಾಡಿಸಿ, ಸೈಬರ್ ವಂಚನೆಯ ದೂರಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆಮಾಡಿ ದೂರು ದಾಖಲಿಸಿದ್ದರಿಂದ ಸ್ವಲ್ಪ ಹಣ ಅದು ಹೋಗಿ ಸೇರಿದ್ದ ಖಾತೆಯಲ್ಲೇ ತಡೆಹಿಡಿಯಲ್ಪಟ್ಟಿತು. ಇಲ್ಲಿ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆದಿಡುವುದು ಮುಖ್ಯ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ವಿವರ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು.

ಇದೆಲ್ಲ ಆದಮೇಲೆ ‘ಕಳೆದ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ’ ಎಂದು ಬೇರೊಬ್ಬರ ಕರೆ ಬಂತು. ಅದೂ ವಂಚನೆಯೇ. 1930ರಲ್ಲಿ ದೂರು ಕೊಡಲು ಶುಲ್ಕವಿಲ್ಲ.