ಮಡಿಕೇರಿಯ ಭಾನುವಾರದ ಅಲಂಕಾರ ತರಗತಿ: ಮಗಳ ಜೊತೆ ನಾನೂ ಕೂತೆ

ಮಗಳು ಹತ್ತನೇ ಕ್ಲಾಸು. ಕನ್ನಡದಲ್ಲಿ ಗದ್ಯ, ಪದ್ಯ ಎಲ್ಲ ಚೆನ್ನಾಗಿಯೇ ಬರೆಯುತ್ತಾಳೆ. ‘ಅಲಂಕಾರ ಹೆಸರಿಸಿ, ಲಕ್ಷಣ ಬರೆದು ಸಮನ್ವಯಿಸಿ’ ಅಂತ ಪ್ರಶ್ನೆ ಬಂದರೆ ಮಾತ್ರ ಪೆನ್ನು ನಿಂತುಬಿಡುತ್ತಿತ್ತು. ಇಲ್ಲಿ ಅಲಂಕಾರ ಅಂದರೆ ಉಪಮೆ, ರೂಪಕದಂತೆ ಮಾತಿನ ಸೊಗಸು ಹೆಚ್ಚಿಸುವ ರೀತಿ. ನಮ್ಮ ಮನೆಮಾತು ಕೊಡವ ತಕ್ಕ್. ಉಪಮೇಯ, ಉಪಮಾನ ಅನ್ನುವ ಪದಗಳು ಅವಳಿಗೆ ಎರಡು ಪಟ್ಟು ದೂರ. ಒಂದು ಗೈಡ್ ತಂದುಕೊಟ್ಟೆ. ಅದರಲ್ಲಿ ಬರೀ ವ್ಯಾಖ್ಯೆಗಳು, ಜೊತೆಗೆ ಎರಡು ಕಡೆ ಪ್ರಸ್ತಾರವೇ (ಪದ್ಯದ ಅಕ್ಷರಗಳ ಮೇಲೆ ಲಘು, ಗುರು ಗುರುತು ಹಾಕುವುದು) ತಪ್ಪು.

ಆಗ ಗೊತ್ತಾಗಿದ್ದು ಈ ತರಗತಿ. ನಿವೃತ್ತ ಕನ್ನಡ ಟೀಚರ್ ಒಬ್ಬರು ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ನಡೆಸುತ್ತಾರೆ. ಭಾನುವಾರ ಹತ್ತರಿಂದ ಹನ್ನೆರಡು, ಒಟ್ಟು 14 ವಾರ, 1,800 ರೂಪಾಯಿ. ನಾವು ಮೂರ್ನಾಡಿನಿಂದ ಬಸ್ಸಿನಲ್ಲಿ ಹೋಗುತ್ತಿದ್ದೆವು. ಸುಮ್ನೆ ಹೊರಗೆ ಯಾಕೆ ಕಾಯೋದು, ಒಳಗೇ ಕೂತ್ಕೊಳ್ಳಿ ಅಂದರು. ಕೂತೆ.

ಮೊದಲ ದಿನ ಅವರು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. “ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟ ಹೇಗೆ ಕಾಣುತ್ತೆ, ಹೇಳಿ ಮಕ್ಕಳೇ” ಅಂತ ಕೇಳಿದರು. ಹೂಮಳೆ ಅಂದರೆ ಕಾಫಿ ಗಿಡ ಹೂಬಿಡಲು ಬೇಕಾದ ಮಳೆ. ಒಬ್ಬ ಹುಡುಗ, “ತೋಟ ಹಿಮ ಬಿದ್ದ ಬೆಟ್ಟದಂತೆ ಬೆಳ್ಳಗಿರುತ್ತೆ” ಅಂದ. ಅಷ್ಟೇ ಸಾಕಾಯಿತು ಅವರಿಗೆ. ತೋಟ ಉಪಮೇಯ, ಹಿಮ ಬಿದ್ದ ಬೆಟ್ಟ ಉಪಮಾನ, ‘ಅಂತೆ’ ಉಪಮಾವಾಚಕ, ಬಿಳುಪು ಸಮಾನಧರ್ಮ. ನಾಲ್ಕೂ ಇದೆ, ಹಾಗಾಗಿ ಪೂರ್ಣೋಪಮೆ. ‘ಬೆಳ್ಳಗೆ’ ಅನ್ನುವುದನ್ನು ಅಳಿಸಿದರೆ ಲುಪ್ತೋಪಮೆ. ‘ಹೂವೆಂಬ ಹಿಮ’ ಅಂದರೆ ಎರಡೂ ಒಂದೇ ಆಗಿಬಿಟ್ಟಿತು, ಅದು ರೂಪಕ. ‘ರಾತ್ರಿ ಆಕಾಶವೇ ಹಿಮ ಸುರಿಯಿತೋ ಏನೋ ಎಂಬಂತೆ ತೋಟ ಹೂಬಿಟ್ಟಿತು’ ಅಂದರೆ ಅದು ಬರೀ ಹೋಲಿಕೆಯಲ್ಲ, ಹಾಗೆ ಕಲ್ಪಿಸಿಕೊಂಡಿದ್ದು, ಉತ್ಪ್ರೇಕ್ಷೆ. ಒಂದೇ ಹೂವಿನಿಂದ ಮೂರು ಅಲಂಕಾರ! ಉಪಮೆಗೂ ಉತ್ಪ್ರೇಕ್ಷೆಗೂ ಇರುವ ವ್ಯತ್ಯಾಸ ನನಗೆ ಈ ವಯಸ್ಸಿನಲ್ಲಿ ಮೊದಲ ಸಲ ಅರ್ಥವಾಯಿತು. ಮೊದಲು ಮಾತು, ಆಮೇಲೆ ಅದಕ್ಕೆ ಹೆಸರು. ನಮ್ಮ ಕಾಲದಲ್ಲಿ ಹೆಸರನ್ನೇ ಮೊದಲು ಬಾಯಿಪಾಠ ಮಾಡಿಸುತ್ತಿದ್ದರು, ಅಲ್ವಾ?

ಕವಿರಾಜಮಾರ್ಗದ ವಿಷಯವನ್ನೂ ಅವರೇ ಹೇಳಿದ್ದು. ಕ್ರಿ.ಶ. 850ರ ಸುಮಾರಿನದು, ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಗ್ರಂಥ. ಅದು ಕಥೆಯಲ್ಲ, ಅಲಂಕಾರದ ಬಗ್ಗೆಯೇ ಬರೆದ ಪುಸ್ತಕ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಅಂತ ಹೇಳುವುದೂ ಅದರಲ್ಲೇ. “ಆ ಕಾವೇರಿ ಹುಟ್ಟುವುದು ನಿಮ್ಮ ಊರಲ್ಲಿ” ಅಂದಾಗ ಮಕ್ಕಳು ನೆಟ್ಟಗೆ ಕೂತರು.

ಛಂದಸ್ಸನ್ನು, ಅಂದರೆ ಪದ್ಯದ ಸಾಲಿನ ಲೆಕ್ಕವನ್ನು, ಬಸ್ಸಿನ ಬೋರ್ಡಿನ ಊರ ಹೆಸರುಗಳಿಂದ ಶುರು ಮಾಡಿದರು. ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ ಮಾತ್ರೆ. ಲಘುವಿಗೆ (ಗಿಡ್ಡ ಅಕ್ಷರ) ಒಂದು ಮಾತ್ರೆ, ಗುರುವಿಗೆ (ಉದ್ದ ಅಕ್ಷರ) ಎರಡು. ‘ಮಡಿಕೇರಿ’ ಐದು ಮಾತ್ರೆ. ‘ಭಾಗಮಂಡಲ’ ಏಳು, ಅದೂ ಭಾಗ ಮೂರು, ಮಂಡಲ ನಾಲ್ಕು. ಆರು ಸಾಲಿನ ಪದ್ಯವಾದ ಭಾಮಿನಿ ಷಟ್ಪದಿಯ ಮೊದಲ ಸಾಲು ಮೂರು, ನಾಲ್ಕು, ಮೂರು, ನಾಲ್ಕು ಅಂತ 14 ಮಾತ್ರೆ. ಭಾಗಮಂಡಲ ಅಂದರೆ ಅರ್ಧ ಸಾಲು ಬಂದ ಹಾಗೆ. ‘ಗೋಣಿಕೊಪ್ಪ’ದಲ್ಲಿ ಮಗಳು ‘ಕೊ’ವನ್ನು ಲಘು ಅಂದಳು. ಮುಂದೆ ಒತ್ತಕ್ಷರ ಇದ್ದರೆ ಹಿಂದಿನದು ಗುರು ಅಂತ ಆ ದಿನ ಕಲಿತವಳು ಮತ್ತೆ ತಪ್ಪಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಮುಂದಿನ ಸೀಟಿನ ಕಂಬಿ ತಟ್ಟಿ, “ಅವ್ವಾ, ಸಿದ್ದಾಪುರ ಆರು!” ಅನ್ನುತ್ತಿದ್ದಳು.

ಕೊರತೆಯೂ ಇದೆ. ಒಂಬತ್ತು ವಾರ ಅಲಂಕಾರಕ್ಕೇ ಹೋಯಿತು. ಕಂದ ಪದ್ಯಕ್ಕೆ ಸಿಕ್ಕಿದ್ದು ಒಂದೇ ದಿನ. ನಾಲ್ಕು ಸಾಲು, 12, 20, 12, 20, ಒಟ್ಟು 64 ಮಾತ್ರೆ ಅಂತ ಲೆಕ್ಕ ಗೊತ್ತಾಯಿತೇ ಹೊರತು ಓದುವ ಧಾಟಿ ಕಿವಿಗೆ ಹತ್ತಲಿಲ್ಲ. ಉತ್ಪಲಮಾಲೆ, ಚಂಪಕಮಾಲೆ ಅನ್ನುವ ವೃತ್ತಗಳನ್ನಂತೂ ಯಮಾತಾರಾಜಭಾನಸಲಗಂ (ಗಣಗಳನ್ನು ನೆನಪಿಡುವ ಸೂತ್ರ, ಗಣ ಅಂದರೆ ಮೂರು ಅಕ್ಷರದ ಗುಂಪು) ಹೇಳಿಸಿ ಮುಗಿಸಿಬಿಟ್ಟರು. ಬೇರೆಲ್ಲ ಅಷ್ಟು ಚೆನ್ನಾಗಿ ಕಲಿಸಿದವರು ಇಲ್ಲಿ ಓಡಿದ್ದು ನನಗೆ ಬೇಜಾರಾಯಿತು. ಇನ್ನು ನಾಲ್ಕು ವಾರ ಜಾಸ್ತಿ ಇಟ್ಟು, ಅದಕ್ಕೆ ಬೇರೆ ಫೀಸ್ ತಗೊಳ್ಳಲಿ, ಕೊಡುತ್ತೇವೆ ಅಂತ ಅವರಿಗೇ ಹೇಳಿ ಬಂದಿದ್ದೇನೆ.

ಅಚ್ಚು ಹಾಕಿದ ನೋಟ್ಸ್ ಕೊಡುವುದಿಲ್ಲ. ದಪ್ಪ ನೋಟ್‌ಬುಕ್ ಇರಲಿ. ಮಳೆಗಾಲದಲ್ಲಿ ಕರೆಂಟ್ ಹೋದರೂ ಪಾಠ ನಿಲ್ಲುವುದಿಲ್ಲ. ನೆಲದ ಮೇಲೆ ಚಾಪೆಯಲ್ಲೇ ಕೂರಬೇಕು, ಮಕ್ಕಳಿಗೆ ಒಣಗಿದ ಸಾಕ್ಸ್ ಇನ್ನೊಂದು ಜೊತೆ ಹಾಕಿ ಕಳಿಸಿ.