ಹೇಡಿಸ್ 2: ಪಾಜ್ ಒತ್ತಿದರೂ ನಿಲ್ಲದ ತಾತ

ರಾತ್ರಿ ಹತ್ತೂವರೆ. ಪಾತ್ರೆ ತೊಳೆದಾಗಿತ್ತು, ಅಮ್ಮ ಮಲಗೋಕೆ ಹೋಗಿದ್ದರು. ಹೇಡಿಸ್ 2 ಅನ್ನೋ ವಿಡಿಯೋ ಗೇಮ್‌ನಲ್ಲಿ ನಾನು ಮೊದಲ ಸಲ ದೊಡ್ಡ ಎದುರಾಳಿ ಕ್ರೋನೋಸ್ ಎದುರು ನಿಂತಿದ್ದೆ. ಅಲ್ಲಿಗೆ ಮುಟ್ಟೋಕೆ ಎರಡು ವಾರ ಒದ್ದಾಡಿದ್ದೆ. ಸರಿಯಾಗಿ ಅದೇ ಹೊತ್ತಿಗೆ ಒಳಗಿಂದ ದನಿ ಬಂತು: "ಹಾಲಿಗೆ ಹೆಪ್ಪು ಹಾಕಿದ್ಯೇನೋ?"

ಹಾಕಿರಲಿಲ್ಲ. ಪಾಜ್ ಒತ್ತಿ ಆಟ ನಿಲ್ಲಿಸಿ ಎದ್ದೆ. ಎರಡು ಹೆಜ್ಜೆ ಇಟ್ಟಿರಲಿಲ್ಲ, ಹಿಂದೆ ಹೊಡೆದಾಟದ ಸದ್ದು. ತಿರುಗಿ ನೋಡಿದರೆ ಆಟ ತಾನಾಗಿ ನಡೀತಿದೆ, ನಾನು ಆಡಿಸೋ ಹುಡುಗಿ ಸುಮ್ನೆ ನಿಂತು ಏಟು ತಿನ್ನುತ್ತಿದ್ದಾಳೆ. ಕೀಬೋರ್ಡ್ ಕೆಟ್ಟಿತು ಅಂದುಕೊಂಡೆ. ಅಲ್ಲ, ಪಾಜ್ ಬಿಡಿಸಿದ್ದು ಕ್ರೋನೋಸೇ. ಅವನು ಕಾಲದ ಒಡೆಯ. ಅವನ ಮುಂದೆ ಕಾಲ ನಿಲ್ಲಿಸೋಕೆ ಹೋದರೆ ಬಿಡ್ತಾನಾ? ಸತ್ತೆ. ಸತ್ತು ಐದು ನಿಮಿಷ ನಗುತ್ತಾ ಕೂತಿದ್ದೆ. ಹೆಪ್ಪು ಅವತ್ತು ಅಮ್ಮನೇ ಎದ್ದು ಬಂದು ಹಾಕಿದರು.

ಸೇಲ್ ಬರದೆ ನಾನು ಆಟ ಕೊಳ್ಳೋನಲ್ಲ. ಮೊದಲ ಹೇಡಿಸ್ ಕೂಡ ಸೇಲ್‌ನಲ್ಲೇ ಸಿಕ್ಕಿದ್ದು. ಈ ಒಂದಕ್ಕೆ ಮಾತ್ರ ನೇಮ ಮುರಿದೆ. 2024ರ ಮೇ ತಿಂಗಳಲ್ಲಿ ಅರ್ಲಿ ಆಕ್ಸೆಸ್ (ಆಟ ಮುಗಿಯೋ ಮುಂಚೆಯೇ ಮಾರೋದು) ಶುರುವಾದ ವಾರವೇ ಪೂರ್ತಿ ದುಡ್ಡು ಕೊಟ್ಟೆ. ಕಟ್ಟಿ ಮುಗಿಯದ ಮನೆಗೆ ಬಾಡಿಗೆ ಕೊಟ್ಟ ಹಾಗೆ ಅಂತ ಗೆಳೆಯನೊಬ್ಬ ಬೈದ. ಆದರೆ ಈ ಆಟ ಕಟ್ಟಿದ ಸೂಪರ್‌ಜೈಂಟ್ ಗೇಮ್ಸ್‌ನವರು ಮಾಡಿದ ಮೊಟ್ಟಮೊದಲ ಸೀಕ್ವೆಲ್, ಅಂದರೆ ಹಳೇ ಆಟದ ಮುಂದಿನ ಭಾಗ, ಇದು. ಅಲ್ಲಿಯವರೆಗೆ ಪ್ರತಿ ಸಲವೂ ಹೊಸ ಲೋಕ, ಹೊಸ ಕಥೆ ಮಾಡುತ್ತಿದ್ದ ಚಿಕ್ಕ ತಂಡ ಹಳೇ ಜಾಗಕ್ಕೆ ವಾಪಸ್ ಬರ್ತಿದೆ ಅಂದರೆ ಏನೋ ಇರಬೇಕು ಅನ್ನಿಸಿತ್ತು.

2025ರ ಸೆಪ್ಟೆಂಬರ್ 25ಕ್ಕೆ ಪೂರ್ತಿ ಆಟ ಬಂದಾಗ ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು. ನೂರಕ್ಕೆ ತೊಂಬತ್ತರ ಕೆಳಗೆ ಕೊಟ್ಟವರನ್ನು ಹುಡುಕಬೇಕಿತ್ತು. ಆ ಹೊಗಳಿಕೆಯಲ್ಲಿ ಮುಕ್ಕಾಲು ಪಾಲಿಗೆ ನನ್ನದೂ ಸಹಿ ಇದೆ. ಉಳಿದ ಕಾಲು ಪಾಲಿನ ಬಗ್ಗೆ ಆಮೇಲೆ ಹೇಳ್ತೀನಿ.

ಕಥೆಯ ಎಳೆ ಇಷ್ಟು. ಮೊದಲ ಆಟದ ನಾಯಕ ಜಾಗ್ರಿಯಸ್. ಅವನ ತಂಗಿ ಮೆಲಿನೊಯಿ ಇಲ್ಲಿ ನಾಯಕಿ. ಇವಳ ಅಪ್ಪ ಪಾತಾಳದ ದೊರೆ ಹೇಡಿಸ್. ಹೇಡಿಸ್‌ನ ಅಪ್ಪ ಕ್ರೋನೋಸ್, ಅಂದರೆ ಇವಳ ಸ್ವಂತ ತಾತ. ಆ ತಾತ ಪಾತಾಳದ ಮನೆ ಹಿಡಿದು ಇಡೀ ಸಂಸಾರವನ್ನು ಸೆರೆಯಲ್ಲಿಟ್ಟಿದ್ದಾನೆ. ಕೂಸಾಗಿದ್ದಾಗಲೇ ತಪ್ಪಿಸಿಕೊಂಡ ಮೊಮ್ಮಗಳನ್ನು ಹೆಕಟಿ ಅನ್ನೋ ಮಾಟಗಾತಿ ಸಾಕಿ, ವಿದ್ಯೆ ಕಲಿಸಿ ತಯಾರು ಮಾಡಿದ್ದಾಳೆ. ನಮ್ಮಲ್ಲಿ ಕಾಲ ಅಂದರೆ ಹೊತ್ತೂ ಹೌದು, ಯಮನೂ ಹೌದು. ಅದಕ್ಕೇ ಇರಬೇಕು, ಸಾವಿನ ಮನೆಯನ್ನು ಕಾಲ ಬಂದು ನುಂಗಿದ ಈ ಗ್ರೀಕ್ ಕಥೆ ನನಗೆ ಪರಕೀಯ ಅನ್ನಿಸಲೇ ಇಲ್ಲ.

ಆಯುಧ, ವರ, ಕಾರ್ಡು ಇವುಗಳ ಪಟ್ಟಿ ನೀವು ಎಲ್ಲಾದರೂ ನೋಡಿರ್ತೀರಿ. ಒಂದು ಮಾತು ಮಾತ್ರ ಹೇಳಬೇಕು. ಜಾಗ್ರಿಯಸ್ ಕೈಗೆ ಒಗ್ಗಿದವರಿಗೆ ಮೊದಲ ವಾರ ಕಿರಿಕಿರಿ ಆಗುತ್ತೆ. ಅವನು ಬಿಟ್ಟೂಬಿಡದೆ ಚಂಗನೆ ಹಾರಬಹುದಿತ್ತು. ಇವಳು ಒಂದು ಸಲ ಹಾರುತ್ತಾಳೆ, ಆಮೇಲೆ ಓಡುತ್ತಾಳೆ. ನೆಲದ ಮೇಲೆ ಮಂತ್ರದ ಒಂದು ವೃತ್ತ ಬರೆದು ಶತ್ರುಗಳ ಕಾಲು ಕಟ್ಟಬೇಕು, ಬಟನ್ ಒತ್ತಿ ಹಿಡಿದು ದೊಡ್ಡ ಏಟು ಕೂಡಿಡಬೇಕು. ಅವನು ಬೀದಿ ಜಗಳದ ಹುಡುಗ, ಇವಳು ತಾಳ್ಮೆಯ ಹುಡುಗಿ. ಹದಿನೈದು ಇಪ್ಪತ್ತು ರನ್ (ಹೊರಟಲ್ಲಿಂದ ಗೆಲ್ಲೋವರೆಗೆ ಇಲ್ಲಾ ಸಾಯೋವರೆಗೆ ಒಂದು ಸುತ್ತು) ಆದಮೇಲೆ ಹಳೇ ಆಟಕ್ಕೆ ಒಂದು ರಾತ್ರಿ ವಾಪಸ್ ಹೋಗಿದ್ದೆ. ಖಾಲಿ ಖಾಲಿ ಅನ್ನಿಸಿತು.

ನಾನು ಸೋತಿದ್ದು ಮಾತ್ರ ಹೊಡೆದಾಟಕ್ಕಲ್ಲ, ಹೊಡೆದಾಟದ ಆಚೆಗಿನ ಸಣ್ಣ ಕೆಲಸಗಳಿಗೆ. ಪ್ರತಿ ರನ್ ಮುಗಿದಾಗ, ಗೆದ್ದರೂ ಸೋತರೂ, ಮೆಲಿನೊಯಿ ಕಾಡಿನ ನಡುವಿನ ಬೀಡಿಗೆ ಮರಳುತ್ತಾಳೆ. ಅಲ್ಲಿ ನನ್ನ ಸುತ್ತು ಹೀಗೆ: ಮೊದಲು ಕೈತೋಟ. ಹೋದ ಸಲ ಬಿತ್ತಿದ್ದು ಬೆಳೆದಿದೆಯಾ ನೋಡು, ಕೀಳು, ಹೊಸ ಬೀಜ ಹಾಕು. ಆಮೇಲೆ ಕಪ್ಪೆಯ ತಲೆ ಸವರು. ಫ್ರಿನೋಸ್ ಅಂತ ಅದರ ಹೆಸರು, ರನ್‌ಗೂ ಜೊತೆಗೆ ಬರುತ್ತೆ, ಶತ್ರುಗಳ ಏಟಿಗೆ ಅಡ್ಡ ಕೂರುತ್ತೆ. ಬೆಕ್ಕೂ ಸಿಗುತ್ತೆ, ನಾಯಿಯೂ ಸಿಗುತ್ತೆ, ನಾನು ಕಪ್ಪೆ ಬಿಟ್ಟಿಲ್ಲ. ಕೊನೆಗೆ ದೊಡ್ಡ ಕಡಾಯಿ. ತಂದ ಬೆಳ್ಳಿ, ಬೇರು, ಹೂವು ಎಲ್ಲ ಹಾಕಿ ಮಂತ್ರ ಹೇಳಿದರೆ ಲೋಕದಲ್ಲಿ ಏನೋ ಒಂದು ಬದಲಾಗುತ್ತೆ. ಒಮ್ಮೆ ಒಂದು ಬಾಗಿಲು ತೆರೆಯುತ್ತೆ, ಒಮ್ಮೆ ಹೊಸ ಸಲಕರಣೆ ಮಾಡಿಸಿಕೊಳ್ಳೋ ದಾರಿ ಸಿಗುತ್ತೆ.

ಮೋಲಿ ಅನ್ನೋ ಗಿಡ ಕೀಳಬೇಕಾಗಿ ಬಂದಾಗ ಬಹಳ ಖುಷಿಯಾಯ್ತು. ಗ್ರೀಕ್ ಕವಿ ಹೋಮರನ ಕಾವ್ಯದಲ್ಲಿ ಮಾಟಗಾತಿ ಸರ್ಸಿಯ ಮಾಟ ತಟ್ಟದಿರಲಿ ಅಂತ ಹರ್ಮಿಸ್ ದೇವರು ಕಥಾನಾಯಕ ಒಡಿಸ್ಯೂಸ್‌ಗೆ ಕೊಡುವ ಗಿಡ ಅದು. ಇಲ್ಲಿ ಒಡಿಸ್ಯೂಸೂ ಇದ್ದಾನೆ, ಸರ್ಸಿಯೂ ಇದ್ದಾಳೆ, ಗಿಡವೂ ಇದೆ. ಯಾರೂ ಅದನ್ನು ಎತ್ತಿ ತೋರಿಸಲ್ಲ. ಗೊತ್ತಿದ್ದವರಿಗೆ ಸಿಗಲಿ ಅಂತ ಇಟ್ಟು ಹೋಗಿದ್ದಾರೆ.

ಇನ್ನೊಂದು ಇಂಥದ್ದು ಸಮುದ್ರದಡಿಯ ಸ್ಕಿಲ್ಲಾ. ಪುರಾಣದ ಆ ರಾಕ್ಷಸಿ ಇಲ್ಲಿ ಬ್ಯಾಂಡ್ ಕಟ್ಟಿಕೊಂಡ ಹಾಡುಗಾರ್ತಿ. ನಿಮ್ಮನ್ನು ಹೊಡೆಯುತ್ತಲೇ ವೇದಿಕೆ ಮೇಲೆ ಹಾಡುತ್ತಾಳೆ. ಡ್ರಮ್ ಬಾರಿಸುವವಳನ್ನು ಮೊದಲು ಮುಗಿಸಿ ನೋಡಿ, ಹಾಡಿನಿಂದ ಡ್ರಮ್ ಮಾಯ! ಡ್ಯಾರೆನ್ ಕಾರ್ಬ್ ಮಾಡಿದ ಆ ಹಾಡು ಎಷ್ಟು ತಲೆಗೆ ಹತ್ತಿತು ಅಂದರೆ, ಪೂರ್ತಿ ಕೇಳಬೇಕು ಅಂತಲೇ ಮೂವರನ್ನೂ ಹೊಡೆಯದೆ ಸುಮ್ನೆ ತಪ್ಪಿಸಿಕೊಂಡು ಓಡಾಡಿದ್ದೀನಿ. ಅದರಿಂದಲೇ ಒಮ್ಮೆ ಸತ್ತಿದ್ದೀನಿ ಕೂಡ.

ನನ್ನ ಲೆಕ್ಕದಲ್ಲಿ ಒಂದು ರನ್ ಅಂದರೆ ನಲವತ್ತು ನಿಮಿಷ. ಬೆಳಗ್ಗೆ ಆರಕ್ಕೆ ಏಳೋನಿಗೆ ಅದಕ್ಕಿಂತ ಜಾಸ್ತಿ ಸಾಧ್ಯವಿಲ್ಲ. ಹಾಗಾಗಿ ದಿನಕ್ಕೊಂದು. ಆಟದಲ್ಲೂ ಪ್ರತಿ ರನ್ ಅನ್ನು ರಾತ್ರಿ ಅಂತಲೇ ಎಣಿಸುತ್ತಾರೆ. ನನ್ನದು ನೂರಾ ನಲವತ್ತು ದಾಟಿದೆ. ನಡುವೆ ಕಂಟ್ರೋಲರ್ ಒಂದು ಹಾಳಾಯ್ತು, ಎಡಗಡೆ ಕೋಲು ಮುಟ್ಟದಿದ್ದರೂ ಮೆಲಿನೊಯಿ ಗೋಡೆ ಕಡೆಗೇ ನಡೀತಿದ್ದಳು. ಅಂಗಡಿಯವನು ವಾರಂಟಿಗೆ ಇದು ಬರಲ್ಲ ಸಾರ್ ಅಂದ. ಆಟಕ್ಕೆ ಕೊಟ್ಟಿದ್ದಕ್ಕಿಂತ ಹೊಸ ಕಂಟ್ರೋಲರ್‌ಗೇ ಜಾಸ್ತಿ ಬಿತ್ತು. ಆರು ವರ್ಷದ ಲ್ಯಾಪ್‌ಟಾಪ್ ಮಾತ್ರ ಒಂದು ದಿನವೂ ತೊದಲಲಿಲ್ಲ.

ಈಗ ಆ ಕಾಲು ಪಾಲು. ಕಥೆಯ ಕೊನೆ ಗೊತ್ತಾಗಬಾರದು ಅನ್ನುವವರು ಮುಂದಿನ ಎರಡು ಪ್ಯಾರಾ ಬಿಟ್ಟುಬಿಡಿ.

ಬೀಡಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಹೇಳಿಕೊಳ್ಳೋದು ಒಂದೇ ಮಾತು: ಕ್ರೋನೋಸ್‌ಗೆ ಸಾವು. ನಾವು ನಮಸ್ಕಾರ ಅಂದ ಹಾಗೆ. ಒಂದೂವರೆ ವರ್ಷ ರಾತ್ರಿ ರಾತ್ರಿ ಅದನ್ನೇ ಕೇಳಿದ್ದೀನಿ. ಕೆಳಗೆ ಪಾತಾಳದಲ್ಲಿ ಅವನನ್ನು ಕೊಲ್ಲು, ಮೇಲೆ ದೇವರುಗಳ ಬೆಟ್ಟ ಒಲಿಂಪಸ್ ತುದಿಯಲ್ಲಿ ಟೈಫನ್ ಅನ್ನೋ ದೈತ್ಯನನ್ನು ಕೊಲ್ಲು, ಮತ್ತೆ ಕೊಲ್ಲು, ಇನ್ನೂ ಬೇಕಾದ್ದು ತಂದು ಕಡಾಯಿಗೆ ಹಾಕು. ಕೊನೆಗೆ ಆಗೋದೇನು? ತೀರ್ಮಾನದ ಹೊತ್ತಿಗೆ ಮಾತು ಅಣ್ಣ ಜಾಗ್ರಿಯಸ್‌ನ ಕೈಗೆ ಹೋಗುತ್ತೆ. ತಾತ ಮನಸ್ಸು ಬದಲಾಯಿಸಿ ಒಳ್ಳೆಯವನಾಗುತ್ತಾನೆ. ಸಂಸಾರ ಒಂದಾಗುತ್ತೆ. ಹುಟ್ಟಿದಾಗಿನಿಂದ ಒಂದೇ ಕೆಲಸಕ್ಕೆ ಬೆಳೆಸಿದ ಹುಡುಗಿ ಪಕ್ಕದಲ್ಲಿ ನಿಂತು ಸರಿ ಅಂತಾಳೆ. ಕ್ಷಮೆ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಕ್ಷಮಿಸೋದಿದ್ದರೆ ಅವಳೇ ಕ್ಷಮಿಸಬೇಕಿತ್ತು, ಅಲ್ವಾ? ಅವತ್ತು ಲ್ಯಾಪ್‌ಟಾಪ್ ಮುಚ್ಚಿದವನು ಒಂಬತ್ತು ದಿನ ತೆರೆಯಲಿಲ್ಲ.

ವಿಮರ್ಶಕರು ಇದನ್ನು ಯಾಕೆ ಅಷ್ಟಾಗಿ ಎತ್ತಲಿಲ್ಲ ಅಂತ ಯೋಚಿಸಿದೆ. ಅವರನ್ನು ಬೈಯೋ ಮನಸ್ಸಿಲ್ಲ. ಬರೆದು ಕೊಡೋಕೆ ಅವರಿಗೊಂದು ಗಡುವು ಇರುತ್ತೆ, ಅಷ್ಟರಲ್ಲಿ ಈ ಆಟದ ಕೈರುಚಿ ನಾಲಿಗೆ ಮೇಲೇ ಇರುತ್ತೆ. ನನ್ನಂಥವರಿಗೆ ಹಾಗಲ್ಲ. ಅರ್ಲಿ ಆಕ್ಸೆಸ್‌ನಲ್ಲಿ ಕಥೆಗೆ ಕೊನೆಯೇ ಇರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಒಲಿಂಪಸ್ ಬಂತು, 2025ರ ಫೆಬ್ರವರಿಯಲ್ಲಿ ಯುದ್ಧದ ದೇವರು ಏರೀಸ್ ಬಂದ, ಜೂನ್‌ನಲ್ಲಿ ಇನ್ನಷ್ಟು. ಪ್ರತಿ ಸಲವೂ ನಾನೇ ತಲೆಯಲ್ಲಿ ಒಂದೊಂದು ಕೊನೆ ಕಟ್ಟಿಕೊಂಡಿದ್ದೆ. ಯಾವ ಕಥೆಗಾರನೂ ಅದಕ್ಕೆ ಸಮ ಬರೆಯೋಕೆ ಆಗ್ತಿರಲಿಲ್ಲವೇನೋ. ಆದರೂ ಆಟಗಾರರು ಇದೇ ಮಾತನ್ನು ಜೋರಾಗಿಯೇ ಹೇಳಿದರು ಅಂದಮೇಲೆ ತಪ್ಪು ನನ್ನೊಬ್ಬನ ತಲೆಯದ್ದಲ್ಲ.

2025ರ ಅಕ್ಟೋಬರ್‌ನಲ್ಲಿ ಪ್ಯಾಚ್, ಅಂದರೆ ಆಟಕ್ಕೆ ತಿದ್ದುಪಡಿ, ಬಂತು. ಕೊನೆಯ ಭಾಗಕ್ಕೆ ಮಾತು ಸೇರಿಸಿದರು, ಮೆಲಿನೊಯಿಯ ಮನಸ್ಸಲ್ಲಿ ಏನಿದೆ ಅಂತ ಇನ್ನಷ್ಟು ಬಿಡಿಸಿ ತೋರಿಸಿದರು. ಇವರದ್ದು ಮೊದಲಿಂದಲೂ ಇದೇ ಗುಣ. 2024ರಲ್ಲಿ ಒಂದು ರನ್‌ಗೆ ಒಂದೇ ಸಲಕರಣೆ ಒಯ್ಯಬೇಕಿತ್ತು. ಪಿಕಾಸಿ ತಂದ ದಿನ ಬರೀ ಬೆಳ್ಳಿ, ಸಲಿಕೆ ತಂದ ದಿನ ಬರೀ ಬೀಜ. ಜನ ಗೊಣಗಿದರು, ಕೆಲವೇ ವಾರದಲ್ಲಿ ಎಲ್ಲವನ್ನೂ ಬಳಸೋ ಹಾಗೆ ಮಾಡಿದರು. ಓಟ ನಿಧಾನ ಅಂದರು, ಅದನ್ನೂ ತಿದ್ದಿದರು. ಹೊಸ ಮಾತುಗಳಿಂದ ನನ್ನ ಸಿಟ್ಟು ಅರ್ಧ ಇಳಿದಿದೆ. ಪೂರ್ತಿ ಇಳಿದಿಲ್ಲ. ಗೋಡೆ ಕಟ್ಟಿದಮೇಲೆ ಕಿಟಕಿ ಒಡೆದ ಹಾಗಿದೆ, ಬೆಳಕು ಬರುತ್ತೆ, ಅಂಚು ಒರಟು.

ಕೊಳ್ಳಬೇಕಾ ಅಂತ ಕೇಳುವವರಿಗೆ: ಮೊದಲ ಹೇಡಿಸ್ ಆಡಿಲ್ಲದಿದ್ದರೆ ಅದನ್ನೇ ಸೇಲ್‌ನಲ್ಲಿ ಹಿಡಿಯಿರಿ. ಅಣ್ಣನ ಪರಿಚಯ ಇಲ್ಲದೆ ತಂಗಿಯ ಕಥೆ ಅರ್ಧ ರುಚಿ. ಅದನ್ನು ಆಡಿ ಇಷ್ಟಪಟ್ಟವರು ಇದಕ್ಕೆ ಪೂರ್ತಿ ಬೆಲೆ ಕೊಟ್ಟರೂ ಮೋಸವಿಲ್ಲ. ಸೋಲು ಕಂಡರೆ ಆಗದವರು ಸೆಟ್ಟಿಂಗ್ಸ್‌ನಲ್ಲಿ ಗಾಡ್ ಮೋಡ್ ಹಾಕಿಕೊಳ್ಳಿ, ನಾಚಿಕೆ ಬೇಡ. ಸತ್ತಷ್ಟೂ ಏಟು ತಡೆಯೋ ಶಕ್ತಿ ಸ್ವಲ್ಪ ಸ್ವಲ್ಪ ಏರುತ್ತೆ. ಕಥೆಗೋಸ್ಕರ ಮಾತ್ರ ಆಡುವವರು ಸ್ವಲ್ಪ ಯೋಚಿಸಿ.

ನಾನಂತೂ ಬಿಟ್ಟಿಲ್ಲ. ನಿನ್ನೆ ರಾತ್ರಿ ಹೆಪ್ಪು ಮೊದಲೇ ಹಾಕಿ ಕೂತೆ. ಬಿತ್ತಿದ್ದ ನೈಟ್‌ಶೇಡ್ ಬೆಳೆದಿತ್ತು, ಸ್ಕಿಲ್ಲಾ ಹಾಡು ಪೂರ್ತಿ ಕೇಳಿಸಿತು, ತಾತನ ಹತ್ತಿರ ಹೋಗೋಕೆ ಮುಂಚೆಯೇ ಸತ್ತೆ.