ಉದ್ಯಮಬಾಗದ ಫೌಂಡ್ರಿಗೆ ಜ್ಯಾಂಗೊ 5.2 ಹೇಗೆ?

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕ ಹೊಯ್ಯುವ ಸಣ್ಣ ಕಾರ್ಖಾನೆಗೆ ಸ್ವಂತ ಸಾಫ್ಟ್‌ವೇರ್ ಬರೆಸುವುದಾದರೆ ಪೈಥಾನ್ ಭಾಷೆಯ ಜ್ಯಾಂಗೊ ಫ್ರೇಮ್‌ವರ್ಕನ್ನೇ (ವೆಬ್ ಸಾಫ್ಟ್‌ವೇರ್ ಕಟ್ಟಲು ಸಿದ್ಧವಾಗಿ ಸಿಗುವ ಚೌಕಟ್ಟು) ಹಿಡಿಯಿರಿ. ಇದಕ್ಕಿಂತ ವೇಗದವು ಇವೆ. ಆದರೆ ಬರೆದ ಹುಡುಗ ಪುಣೆಗೋ ಬೆಂಗಳೂರಿಗೋ ಹೊರಟುಹೋದರೆ, ಮತ್ತೊಬ್ಬರು ಬಂದು ಧೈರ್ಯವಾಗಿ ಕೈಹಾಕಬಹುದಾದದ್ದು ಇದು.

ಜ್ಯಾಂಗೊ ಸಾರ್ವಜನಿಕರಿಗೆ ಸಿಕ್ಕಿದ್ದು 2005ರಲ್ಲಿ. 2008ರಿಂದ ಅದರ ಹಿಂದೆ ಲಾಭರಹಿತ ಫೌಂಡೇಶನ್ ಇದೆ. ಸುಮಾರು 8 ತಿಂಗಳಿಗೊಂದು ಆವೃತ್ತಿ ಬರುತ್ತದೆ. 2025ರ ಏಪ್ರಿಲ್‌ನಲ್ಲಿ ಬಂದ 5.2 ದೀರ್ಘಾವಧಿ ಬೆಂಬಲದ್ದು: 2028ರ ಏಪ್ರಿಲ್‌ವರೆಗೆ ಭದ್ರತಾ ಪ್ಯಾಚ್ ಸಿಗುತ್ತದೆ. ಪೈಥಾನ್ 3.10 ಅಥವಾ ಅದಕ್ಕಿಂತ ಹೊಸದು ಬೇಕು. ಲೈಸೆನ್ಸ್ ಬಿಎಸ್‌ಡಿ, ದುಡ್ಡು ಕೊಡಬೇಕಿಲ್ಲ.

ಕೆಲಸವನ್ನು ‘ಆ್ಯಪ್’ಗಳಾಗಿ, ಅಂದರೆ ಒಂದೊಂದು ವಿಷಯದ ಕೋಡ್ ಇರುವ ಭಾಗಗಳಾಗಿ, ಒಡೆಯುವುದೇ ಇದರ ಜೀವಾಳ. ಫೌಂಡ್ರಿಗೆ ಪಾರ್ಟಿ (ಗಿರಾಕಿ), ಹೀಟ್ (ಕುಲುಮೆಯಲ್ಲಿ ಒಂದು ಸಲಕ್ಕೆ ಕರಗಿಸಿದ ಲೋಹ), ಚಲನ್ (ಮಾಲು ಕಳಿಸುವ ಚೀಟಿ), ರಿಜೆಕ್ಷನ್ ಎಂಬ ನಾಲ್ಕು ಸಾಕು. ಹತ್ತು ಮಾಡಿದರೆ ಒಂದು ಇನ್ನೊಂದನ್ನು ಇಂಪೋರ್ಟ್ ಮಾಡಿಕೊಂಡು ಸುತ್ತು ಬೀಳುತ್ತದೆ. ಮಷಿನಿಂಗ್‌ಗೆ ಹೋದ ಪೀಸು ಬ್ಲೋಹೋಲ್ (ಎರಕದೊಳಗೆ ಗಾಳಿಯಿಂದಾದ ತೂತು) ಇದೆಯೆಂದು ವಾಪಸ್ ಬಂತು ಎನ್ನಿ. ರಿಜೆಕ್ಷನ್ ಚಲನ್‌ನ ಸಾಲಿಗೆ, ಆ ಸಾಲು ಹೀಟ್ ನಂಬರಿಗೆ ಜೋಡಿಸಿದ್ದರೆ ಯಾವ ಹೀಟಿನ ಮಾಲು ಎಂಬುದು ಕೂಡಲೇ ಸಿಗುತ್ತದೆ. ಇಂಥ ಯಾವ ಜೋಡಣೆಗೂ ‘ಕ್ಯಾಸ್ಕೇಡ್’ ಹಾಕಲೇಬೇಡಿ. ಹಾಕಿದ್ದರೆ, ಹಳೆಯ ಪಾರ್ಟಿಯೊಂದನ್ನು ಅಳಿಸಿದಾಗ ಅದರ ಚಲನ್‌ಗಳೆಲ್ಲ ಜೊತೆಗೇ ಹೋಗುತ್ತವೆ. ‘ಪ್ರೊಟೆಕ್ಟ್’ ಇದ್ದರೆ ಅಳಿಸಲು ಬಿಡುವುದೇ ಇಲ್ಲ.

ಮೊದಲ ಮೈಗ್ರೇಷನ್‌ಗೂ (ಡೇಟಾಬೇಸಿನಲ್ಲಿ ಟೇಬಲ್‌ಗಳನ್ನು ಮಾಡುವ ಹಂತ) ಮುಂಚೆ ನಿಮ್ಮದೇ ಯೂಸರ್ ಮಾಡೆಲ್ (ಲಾಗಿನ್ ಆಗುವವರ ವಿವರದ ನಮೂನೆ) ಇಡಿ, ಅದರಲ್ಲಿ ಹೊಸದೇನೂ ಇಲ್ಲದಿದ್ದರೂ ಸರಿ. ನಡುವೆ ಬದಲಿಸುವುದು ಬಹಳ ತ್ರಾಸು, ಟೇಬಲ್‌ಗಳನ್ನು ಕೈಯಿಂದಲೇ ಸರಿಪಡಿಸಬೇಕಾಗುತ್ತದೆ. ತೂಕ, ದರಗಳಿಗೆ ಫ್ಲೋಟ್ (ಸಂಖ್ಯೆಯನ್ನು ಅಂದಾಜಾಗಿ ಇಡುವ ಬಗೆ) ಬೇಡ, ಡೆಸಿಮಲ್ (ದಶಮಾಂಶವನ್ನು ನಿಖರವಾಗಿ ಇಡುವ ಬಗೆ) ಬಳಸಿ. ಇಲ್ಲವಾದರೆ ಬಿಲ್ಲಿನ ಪೈಸೆ ತಾಳೆಯಾಗುವುದಿಲ್ಲ. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಕಲಿಯಲು ಚೆನ್ನ. ಆದರೆ ಗೇಟು, ಸ್ಟೋರು, ಆಫೀಸು ಒಟ್ಟಿಗೆ ಬರೆಯತೊಡಗಿದಾಗ ‘ಡೇಟಾಬೇಸ್ ಲಾಕ್ಡ್’ ಎಂದು ನಿಲ್ಲಬಹುದು. ಮೊದಲ ದಿನದಿಂದಲೇ ಪೋಸ್ಟ್‌ಗ್ರೆ ಎಸ್‌ಕ್ಯೂಎಲ್ ಡೇಟಾಬೇಸ್ ಹಾಕಿ.

ತಾನಾಗಿಯೇ ಸಿಗುವ ಅಡ್ಮಿನ್ ಪುಟ ಆಫೀಸಿನವರಿಗೆ ನಿಜಕ್ಕೂ ದೊಡ್ಡ ಉಪಕಾರ. ಆದರೆ ಕುಲುಮೆಯ ಬಳಿ ಇರುವವರಿಗೆ ಅದನ್ನು ಕೊಡಬಾರದು, ಅವರಿಗೆ ಎರಡೇ ಗುಂಡಿಯ ಬೇರೆ ಪುಟ ಮಾಡಿಕೊಡಿ. ಭಾಷೆ ಕನ್ನಡಕ್ಕಿಟ್ಟರೂ ಕೆಲವು ಸಾಲು ಇಂಗ್ಲಿಷಿನಲ್ಲೇ ಉಳಿಯುತ್ತವೆ. ಕಾಲಂಗಳ ಹೆಸರನ್ನಂತೂ ನೀವೇ ಕನ್ನಡದಲ್ಲಿ ಕೊಡಬಹುದು.

ಸ್ಥಿರತೆ ಕೈಕೊಡುವುದು ಸಾಮಾನ್ಯವಾಗಿ ಹೊರಗಿನ ಪ್ಯಾಕೇಜುಗಳಲ್ಲಿ. ಒಬ್ಬನೇ ನಡೆಸುವ ಪ್ಯಾಕೇಜು ನಿಂತರೆ ನಿಮ್ಮ ಅಪ್‌ಗ್ರೇಡೂ ನಿಂತಂತೆ. ಸೇರಿಸುವ ಮೊದಲು ಅದರ ಕೊನೆಯ ಬಿಡುಗಡೆಯ ತಾರೀಖು ನೋಡಿ, 5.2ಕ್ಕೆ ಬೆಂಬಲವಿದೆಯೆಂದು ಬರೆದಿದೆಯೇ ನೋಡಿ. ಐವತ್ತು ಸಾಲಿನಲ್ಲಿ ಮುಗಿಯುವ ಕೆಲಸವಾದರೆ ನೀವೇ ಬರೆದುಕೊಳ್ಳಿ.